ಕೊಂಡವಾಡದಲ್ಲಿ ಹಡೆದ ಗಂಡು ನಾಯಿ

ಸೀದಾ ಕೇಳಿಬಿಡುತ್ತೇನೆ. ನಿಮ್ಮ ಮನೆಯ ನಾಯಿಯೋ ಆಡೋ ಎಮ್ಮೆಯೋ ಯಾವತ್ತಾದರೂ ಸರ್ಕಾರಿ ಕಾಗದದ ಮೇಲೆ ಒಂದು, ಅಂಗಳದಲ್ಲಿ ಇನ್ನೊಂದು ಆಗಿತ್ತೇ? ಬಣ್ಣ ತಪ್ಪಾಗಿ ಬರೆದದ್ದು, ವಯಸ್ಸು ತಪ್ಪಾಗಿ ಬರೆದದ್ದು ನಾನು ಕೇಳುತ್ತಿಲ್ಲ. ಅವೆಲ್ಲ ಮನುಷ್ಯರ ಕಾಗದದಲ್ಲೂ ಆಗುತ್ತವೆ. ನನ್ನ ಸಾಲಿ ದಾಖಲೆಯಲ್ಲಿ ನಾನು ನನ್ನ ತಮ್ಮನಿಗಿಂತ ನಾಲ್ಕು ತಿಂಗಳು ಚಿಕ್ಕವಳು, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ನಾನು ಕೇಳುತ್ತಿರುವುದು ಇನ್ನೂ ಮೂಲದ ವಿಷಯ. ನಮ್ಮ ಮನೆಯ ಕೆಂಚಿ ಕಾಗದದ ಮೇಲೆ ಬೀಜ ಒಡೆದ ಗಂಡು ನಾಯಿಯಾಗಿದ್ದಳು, ಮತ್ತು ಹಾಗಿರುವಾಗಲೇ ಐದು ಮರಿ ಹಾಕಿದಳು. ಅದೂ ಎಲ್ಲಿ? ಕೊಂಡವಾಡದಲ್ಲಿ.

ಕೊಂಡವಾಡ ಗೊತ್ತಿಲ್ಲದವರಿಗೆ ಹೇಳಬೇಕು. ಬೀಡಾಡಿ ದನಗಳನ್ನು ಹಿಡಿದು ಕೂಡಿಹಾಕುವ ಜಾಗ ಅದು. ನಮ್ಮ ಕಡೆ ಮೊದಲು ಮುಂಬಯಿ ರಾಜ್ಯವಿದ್ದದ್ದರಿಂದ ಕಚೇರಿಯ ಮಾತೆಲ್ಲ ಮರಾಠಿಯ ಮನೆಯಿಂದ ನಡೆದು ಬಂದವು. ಒಳಗೆ ಬಂದದ್ದು ಆವಕ, ಹೊರಗೆ ಹೋದದ್ದು ಜಾವಕ, ಕೊನೆಯ ಅಂಕಣದ ಟಿಪ್ಪಣಿ ಷರಾ. ವಿಜಾಪುರದಲ್ಲಿ, ಆಗ ನಾವು ಹಾಗೇ ಅನ್ನುತ್ತಿದ್ದೆವು, ಹಳೆಯ ಗೋಡೆಗಳಿಗೇನು ಕಡಿಮೆ. ಯಾವ ಸುಲ್ತಾನ ಯಾರಿಗಾಗಿ ಕಟ್ಟಿಸಿದನೋ, ಅರ್ಧ ಬಿದ್ದ ಒಂದು ಕಮಾನಿಗೆ ಮುಳ್ಳುತಂತಿ ಬಿಗಿದು ಕೊಂಡವಾಡ ಮಾಡಿದ್ದರು. ಮೇಲೆ ನೋಡಿದರೆ ಕಲ್ಲಿನ ಹೂಬಳ್ಳಿ, ಕೆಳಗೆ ನೋಡಿದರೆ ಯಾರದೋ ಕತ್ತೆ. ಅಷ್ಟು ಚಂದದ ಜೈಲು ಮನುಷ್ಯರಿಗೂ ಸಿಗುವುದಿಲ್ಲ.

ಎಪ್ಪತ್ತರ ದಶಕದ ನಡುಮಧ್ಯ. ನನಗೆ ಒಂಬತ್ತು ವರ್ಷ. ನಮ್ಮಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್. ಹುಟ್ಟೂರು ಬಬಲೇಶ್ವರ. ವಾರದಲ್ಲಿ ಎರಡು ದಿನ ಉದ್ದ ಹಿಡಿಕೆಯ ಕಬ್ಬಿಣದ ಇಕ್ಕಳವನ್ನು ಸೈಕಲ್ಲಿಗೆ ಕಟ್ಟಿಕೊಂಡು ತಿಕೋಟಾ, ಬಬಲೇಶ್ವರದ ಸುತ್ತಿನ ಹಳ್ಳಿಗಳಿಗೆ ಹೋಗಿ ಹೋರಿಗಳ ಬೀಜ ಒಡೆದು ಅವನ್ನು ಎತ್ತು ಮಾಡಿ ಬರುತ್ತಿದ್ದರು. ರೈತರಿಗೆ ಅಪ್ಪನೆಂದರೆ ಬಹಳ ಪ್ರೀತಿ, ಹೋರಿಗಳಿಗೆ ಅಷ್ಟು ಇರಲಿಲ್ಲ. ಕಳ್ಳಕವಟಗಿಯಲ್ಲಿ ಒಂದು ಎತ್ತು ಮೂರು ವರ್ಷದ ಮೇಲೂ ಅಪ್ಪನ ಸೈಕಲ್ ಗಂಟೆಯ ಸಪ್ಪಳ ಗುರುತಿಸಿ ಹಗ್ಗ ಹರಿಯುತ್ತಿತ್ತಂತೆ. ಅಪ್ಪ ಅದನ್ನು ಹೇಳುವಾಗ ಮುಖ ಸಪ್ಪಗಾಗುತ್ತಿತ್ತು. ಯಾರ ಮನಸ್ಸನ್ನೂ ನೋಯಿಸಬಾರದೆಂಬ ಮನುಷ್ಯನಿಗೆ ದೇವರು ಎಂಥ ನೌಕರಿ ಕೊಟ್ಟಿದ್ದ ನೋಡಿ.

ಇನ್ನೊಂದು ಮಾತು, ಇದು ಮುಖ್ಯ. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅದು ದೊಡ್ಡ ಗುಣವೆಂದು ನಾನು ಹೊಗಳುತ್ತಿಲ್ಲ, ಮನೆಯಲ್ಲಿ ಅದರಿಂದ ಬಹಳ ತ್ರಾಸಾಗುತ್ತಿತ್ತು. ಅವ್ವ ಹೊಸ ಸೀರೆ ಉಟ್ಟು "ಹೆಂಗೈತಿ?" ಎಂದು ಕೇಳಿದರೆ ನಿಜವಾಗಿಯೂ ಹೇಗಿದೆಯೋ ಅದನ್ನೇ ಹೇಳಿಬಿಡುತ್ತಿದ್ದರು. ದವಾಖಾನೆಯ ಒಂದು ಚೂರು ಹತ್ತಿಯನ್ನೂ ಮನೆಗೆ ತಂದವರಲ್ಲ. ನನ್ನ ಮೊಣಕಾಲು ಒಡೆದರೆ ಆಯಿಯ, ಅಂದರೆ ಅಪ್ಪನ ಅವ್ವನ, ಹಳೆ ಸೀರೆಯ ಚಿಂದಿಯೇ ಗತಿ.

ಆ ವರ್ಷ ಊರಿನ ಕಚೇರಿಗೆ ಹೊಸ ದೊಡ್ಡ ಸಾಹೇಬರೊಬ್ಬರು ಬಂದರು. ಕಚೇರಿ ಯಾವುದೆಂದು ಕೇಳಬೇಡಿ, ಹೇಳುವುದಿಲ್ಲ. ಎಲ್ಲೋ ದೊಡ್ಡ ಶಹರದಲ್ಲಿ ನೋಡಿ ಬಂದಿದ್ದರೋ ಏನೋ, ನಾಯಿಗಳ ಬಗ್ಗೆ ಒಂದು ಕಾಯ್ದೆ ಹೊರಡಿಸಿದರು. ಓಣಿಓಣಿಯಲ್ಲಿ ಡಂಗುರ ಸಾರಿಸಿದರು. ನಾಯಿ ಸಾಕಿದವರು ಹೆಸರು ಬರೆಸಬೇಕು. ಕೊರಳಿಗೆ ತಗಡಿನ ಬಿಲ್ಲೆ ಕಟ್ಟಬೇಕು. ಗಂಡಿರಲಿ ಹೆಣ್ಣಿರಲಿ, ಮರಿಯಾಗದಂತೆ ಆಪರೇಷನ್ ಆದ ಚೀಟಿ ತಂದರೆ ಮಾತ್ರ ಬಿಲ್ಲೆ. ಬಿಲ್ಲೆ ಇಲ್ಲದ ನಾಯಿಯನ್ನು ಹಿಡಿದು ಕೊಂಡವಾಡಕ್ಕೆ ಹಾಕುತ್ತಾರೆ. ಮೂರು ದಿನದಲ್ಲಿ ಯಾರೂ ಬಿಡಿಸಿಕೊಳ್ಳದಿದ್ದರೆ ವಿಲೇವಾರಿ. ವಿಲೇವಾರಿ ಎಂದರೆ ಸಿಂದಗಿಯ ಆಚೆ ಎಲ್ಲೋ ಇರುವ ಊರೆಂದು ನಾನು ತಿಳಿದಿದ್ದೆ. ನಾಯಿಗಳನ್ನು ಅಲ್ಲಿಗೆ ಕಳಿಸುತ್ತಾರೆ, ಹೊಲವಿರುತ್ತದೆ, ಓಡಾಡಿಕೊಂಡಿರುತ್ತವೆ ಎಂದು. ಹಾಗಲ್ಲವೆಂದು ನನ್ನ ತಮ್ಮ ಹೇಳಿದ ದಿನ ನಾನು ಉಣ್ಣಲಿಲ್ಲ.

ಆಪರೇಷನ್ ಎಂಬ ಮಾತು ಕೇಳಿದರೇ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ದಿನಗಳವು. ಮನುಷ್ಯರ ಸಂತಾನಹರಣ ಶಿಬಿರಗಳು ನಡೆದಿದ್ದವು, ನಿಮಗೆ ನೆನಪಿರಬಹುದು. ಕಚೇರಿಯವರು ನಾಯಿ ಲೆಕ್ಕ ಹಿಡಿಯಲು ನಮ್ಮ ಓಣಿಗೆ ಬಂದು "ಆಪರೇಷನ್ ಚೀಟಿ ತೋರಿಸ್ರಿ" ಎಂದು ಒಂದು ಬಾಗಿಲು ಬಡಿದರೆ, ಆ ಮನೆಯ ಯಜಮಾನ ಹಿತ್ತಿಲ ಗೋಡೆ ಹಾರಿ ತಿಕೋಟಾದ ತಂಗಿಯ ಮನೆ ಸೇರಿದ. ಎಂಟು ದಿನ ಬರಲಿಲ್ಲ. ಅವನ ಮನೆಯಲ್ಲಿ ನಾಯಿಯೇ ಇರಲಿಲ್ಲ.

ನಮ್ಮ ಮನೆಯಲ್ಲಿತ್ತು. ಕೆಂಚಿ. ಆಯಿಯ ಗಂಡ, ನಮ್ಮ ಮುತ್ಯಾ ತೀರಿಕೊಂಡ ವರ್ಷ ಎಲ್ಲಿಂದಲೋ ಬಂದು ಆಯಿಯ ಹೊರಸಿನ ಕೆಳಗೆ ಮಲಗಿದವಳು ಏಳಲೇ ಇಲ್ಲ. "ಇದು ನಮ್ಮ ನಾಯಿ ಅಲ್ಲ" ಎಂದು ಆಯಿ ಬಂದವರಿಗೆಲ್ಲ ಹೇಳುತ್ತಿದ್ದಳು, ಹೇಳುತ್ತಲೇ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸುತ್ತಿದ್ದಳು. ನಮಗೆ ಹಾಲಿಲ್ಲದ ಚಹಾ.

ಈಗ ತೊಡಕು ನೋಡಿ. ಗಂಡು ನಾಯಿಯ ಆಪರೇಷನ್ ದವಾಖಾನೆಯ ಡಾಕ್ಟರರಿಗೆ ಹತ್ತು ನಿಮಿಷದ ಕೆಲಸ. ಹಿಡಿಯಲು ನಾಲ್ಕು ಜನ ಬೇಕು, ಅಷ್ಟೆ. ಹೆಣ್ಣು ನಾಯಿಯದು ಹಾಗಲ್ಲ, ಹೊಟ್ಟೆ ಕೊಯ್ಯಬೇಕು. ಅದಕ್ಕೆ ಬೇಕಾದ ಸಾಮಾನೂ ನಮ್ಮ ದವಾಖಾನೆಯಲ್ಲಿರಲಿಲ್ಲ, ಮಾಡಿ ರೂಢಿಯಿದ್ದ ಕೈಯೂ ಇರಲಿಲ್ಲ. ಕಾಯ್ದೆ ಮಾಡಿದವರು ಆಪರೇಷನ್ ಮಾಡುವವರನ್ನು ಒಂದು ಮಾತು ಕೇಳಿರಲಿಲ್ಲ. ಅಂದರೆ ಇಡೀ ಊರಿನಲ್ಲಿ ಒಂದೇ ಒಂದು ಹೆಣ್ಣು ನಾಯಿಗೂ ಬಿಲ್ಲೆ ಸಿಗುವ ದಾರಿ ಇರಲಿಲ್ಲ. ಜನ ಸುಮ್ಮನೆ ತಮ್ಮ ನಾಯಿಗಳನ್ನು ಹಳ್ಳಿಯ ಬೀಗರ ಮನೆಗೆ ಸಾಗಿಸಿದರು. ಆಯಿ ಸಾಗಿಸುವವಳಲ್ಲ.

"ಊರ ಮಂದಿ ಎತ್ತಿಗೆಲ್ಲಾ ಚೀಟಿ ಬರಕೊಡ್ತಿ," ಎಂದಳು ಅಪ್ಪನಿಗೆ. "ಮನ್ಯಾಗಿನ ಹೆಣ್ಣು ಕೂಸಿಗೆ ಒಂದು ಚೀಟಿ ಬರ್ಯಾಕ ನಿನ್ನ ಕೈ ಸವೀತಾವೇನು?"

"ಆಪರೇಷನ್ ಆಗಿಲ್ಲ ಬೇ. ಆಗದ್ದು ಆಗೇತಿ ಅಂತ ಹೆಂಗ ಬರೀಲಿ?"

"ನಿಮ್ಮಪ್ಪ ಹೋದ ಮ್ಯಾಲ ನನ್ನ ಕೂಡ ರಾತ್ರಿ ಮಾತಾಡೂದು ಇದೊಂದ. ಇದನ್ನೂ ಒಯ್ಲಿ ಬಿಡು."

ಅಪ್ಪ ಎರಡು ದಿನ ತಡೆದರು. ಮೂರನೆಯ ದಿನ ಬರೆದರು. ಹೆಣ್ಣು ಎಂದು ಬರೆದರೆ ಇಂಥ ಆಪರೇಷನ್ ಇಲ್ಲಿ ಆಗುವುದೇ ಇಲ್ಲವೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ಬರೆದದ್ದು: ನಾಯಿಯ ಹೆಸರು ಕೆಂಚ್ಯಾ, ಗಂಡು, ಕೆಂಪು ಬಣ್ಣ, ಬೀಜ ಒಡೆದಿದೆ. ಕೆಳಗೆ ಸಹಿ. ಜನ್ಮದಲ್ಲಿ ಒಂದೇ ಸಲ ಸುಳ್ಳು ಬರೆಯುವವರು ಅದನ್ನು ಇಷ್ಟು ಪೂರ್ತಿಯಾಗಿ ಬರೆಯುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. ರೂಢಿಯಿದ್ದವರು ಸ್ವಲ್ಪ ಜಾಗ ಬಿಟ್ಟುಕೊಳ್ಳುತ್ತಾರೆ.

ಬಿಲ್ಲೆ ಬಂತು. ಕೆಂಚಿ ಅದನ್ನು ಕೊರಳಲ್ಲಿ ಕಟ್ಟಿಕೊಂಡು ಟಿಣ್ ಟಿಣ್ ಎಂದು ಓಣಿ ತುಂಬ ತಿರುಗಿದಳು. ಅಪ್ಪ ಅದರ ಸಪ್ಪಳ ಕೇಳಿದಾಗೆಲ್ಲ ಪೇಪರಿನ ಹಿಂದೆ ಮುಖ ಮುಚ್ಚುತ್ತಿದ್ದರು. ಕೆಲವು ತಿಂಗಳು ಕಳೆದವು. ಬೀಜ ಒಡೆದ ಕೆಂಚ್ಯಾ ಬಸುರಾದ.

ಅಷ್ಟಾದರೂ ಏನೂ ಆಗುತ್ತಿರಲಿಲ್ಲ. ಬಿಲ್ಲೆ ಕೊರಳಲ್ಲಿದ್ದರೆ ಹಿಡಿಯುವವರು ಹೊಟ್ಟೆ ನೋಡುವುದಿಲ್ಲ. ಆದರೆ ಆಯಿ ಒಂದು ಕೆಲಸ ಮಾಡಿದಳು. ನಮ್ಮ ಕಡೆ ಹೆರಿಗೆ ಹತ್ತಿರ ಬಂದರೆ ಮೈಮೇಲೆ ಬಿಗಿಯಾದದ್ದು ಏನೂ ಇರಬಾರದು. ಬಳೆ ಸಡಿಲ, ಜಡೆ ಸಡಿಲ, ಮನೆಯಲ್ಲಿ ಟ್ರಂಕಿನ ಕೀಲಿ ಸಹ ತೆಗೆದಿಡುತ್ತಾರೆ. "ದಿನ ತುಂಬಿದಾಕಿ ಕೊಳ್ಳಾಗ ಪಟ್ಟಿ ಇರಬಾರದು" ಎಂದು ಆಯಿ ಪಟ್ಟಿ ಬಿಚ್ಚಿ, ಬಿಲ್ಲೆಯನ್ನು ದೇವರ ಗೂಡಿನಲ್ಲಿಟ್ಟಳು. ಹೆರಲು ಜಾಗ ಹುಡುಕುತ್ತ ಕೆಂಚಿ ಗುರುವಾರ ಮಧ್ಯಾಹ್ನ ಹೊರಗೆ ಹೋದಳು. ಬರಿ ಕೊರಳು. ಹಿಡಿಯುವವರು ಬಂದರು, ಗಾಡಿಗೆ ಹಾಕಿದರು, ಹೋದರು.

ಶುಕ್ರವಾರ ಬೆಳಗ್ಗೆ ಅಪ್ಪ, ಆಯಿ, ನಾನು ಕೊಂಡವಾಡಕ್ಕೆ ಹೋದೆವು. ಬಿಲ್ಲೆ ಅಪ್ಪನ ಜೇಬಿನಲ್ಲಿತ್ತು. ಅಲ್ಲಿನ ಕಾವಲುಗಾರ, ಗುಮಾಸ್ತ, ಕಸಗುಡಿಸುವವ ಎಲ್ಲವೂ ದಸ್ತಗೀರಸಾಬ ಒಬ್ಬನೇ. ಕಮಾನಿಗೆ ಅಂಟಿದ ಖೋಲಿಯಲ್ಲೇ ಹೆಂಡತಿ ಜೈನಬಿಯೊಂದಿಗೆ ಅವನ ಸಂಸಾರ. ಬಿಲ್ಲೆ ತೆಗೆದುಕೊಂಡು, ಬಿಲ್ಲೆಗಳ ದಪ್ಪ ದಾಖಲೆ ಪುಸ್ತಕ ತೆಗೆದು, ನಂಬರಿನ ಮೇಲೆ ಬೆರಳಿಟ್ಟು ನಿಧಾನ ಓದಿದ.

"ಕಂಪೌಂಡರ್ ಸಾಹೇಬ್ರ, ಈ ನಂಬರಿನ ನಾಯಿ ಗಂಡು ಅಂತ ಐತ್ರಿ."

"ಹೂಂ," ಎಂದರು ಅಪ್ಪ.

"ಬೀಜ ಒಡದೈತಿ ಅಂತ ಐತಿ. ಚೀಟಿಗೆ ನಿಮ್ಮ ಸಹಿ ಐತಿ."

"ಹೂಂ."

"ಹಂಗಾರ ಒಂದೀಟು ಒಳಗ ಬರ್ರಿ. ನಿಮ್ಮ ಗಂಡು ನಾಯಿ ಮುಂಜಾನೆ ಐದು ಮರಿ ಹಾಕೈತಿ."

ಕತ್ತೆಯ ಪಕ್ಕದ ಮೂಲೆಯಲ್ಲಿ, ಕಲ್ಲಿನ ಹೂಬಳ್ಳಿಯ ಕೆಳಗೆ ಕೆಂಚಿ ಮಲಗಿದ್ದಳು. ಐದೂ ಮೊಲೆಗೆ ಹತ್ತಿದ್ದವು. ನಮ್ಮನ್ನು ನೋಡಿ ಬಾಲ ಬಡಿದಳು, ಏಳಲಿಲ್ಲ. ಜೈನಬಿ ಆಗಲೇ ಒಂದು ಗೋಣಿತಟ್ಟು ಅಡ್ಡ ಕಟ್ಟಿದ್ದಳು. "ಹಡದಾಕಿಗೆ ಗಾಳಿ ಬಡೀಬಾರದಲ್ರೀ ಯವ್ವಾ," ಎಂದಳು ಆಯಿಗೆ. ಆಯಿ ತಲೆಯಾಡಿಸಿದಳು. ಇಬ್ಬರೂ ಒಂದೇ ನಿಮಿಷದಲ್ಲಿ ಬಳಗದವರಾದರು.

ದಸ್ತಗೀರಸಾಬ ತಲೆ ಹಿಡಿದು ಕುಳಿತ. "ಇದು ಕೊಂಡವಾಡ ಐತ್ರಿ, ಹೆರಿಗಿ ದವಾಖಾನಿ ಅಲ್ಲ. ಆವಕ ಒಂದು, ಜಾವಕ ಆರು ಬರೀಬೇಕು. ನಾಳಿ ಶನಿವಾರ ಇನ್ಸ್‌ಪೆಕ್ಟರ್ ಬರ್ತಾರ. ಅವರು ನೋಡದ ನಾ ಬಿಡಾಂಗಿಲ್ಲ. ನನ್ನ ನೌಕರಿ ಹೋಗ್ತೈತಿ, ನಿಮ್ಮದಂತೂ ಹೋದಂಗ."

ಸುಳ್ಳು ಚೀಟಿ ಕೊಟ್ಟ ಕಂಪೌಂಡರನ್ನು ಸರ್ಕಾರ ಇಟ್ಟುಕೊಳ್ಳುವುದಿಲ್ಲವೆಂದು ಅಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಯಲ್ಲಿ ಆರು ಜನ ಆ ನೌಕರಿಯ ಮೇಲೆ.

ಆಯಿ ಮಾತ್ರ ಬೇರೆಯೇ ಅವಸರದಲ್ಲಿದ್ದಳು. ನನ್ನ ಕೈ ಹಿಡಿದು ದರದರ ಎಳೆದುಕೊಂಡು ಮನೆಗೆ ಬಂದು ಗೋಧಿ ಸಜ್ಜಕ ಮಾಡಿದಳು, ಬೆಲ್ಲ ಹಾಕಿ, ತುಪ್ಪ ಹಾಕಿ. ಡಬ್ಬಿ ಮುಚ್ಚಿ ಮತ್ತೆ ಕೊಂಡವಾಡಕ್ಕೆ. ನಾನು ಹುಟ್ಟಿದಾಗ ಅವ್ವನಿಗೆ ಮಾಡಿದ್ದಕ್ಕಿಂತ ತುಪ್ಪ ಹೆಚ್ಚಿತ್ತೆಂದು ಅವ್ವ ಇಂದಿಗೂ ಹೇಳುತ್ತಾಳೆ.

ಆ ದಿನವೆಲ್ಲ ಅಪ್ಪ ಊಟ ಮಾಡಲಿಲ್ಲ. ಆಯಿ ತನಗೆ ತಿಳಿದ ಉಪಾಯಗಳನ್ನು ಒಂದೊಂದಾಗಿ ಕೊಟ್ಟಳು.

"ಅದು ಬ್ಯಾರೆ ನಾಯಿ, ನಮ್ಮದಲ್ಲ ಅಂದ ಬಿಡು."

"ಹಂಗಂದ್ರ ಮೂರು ದಿನಕ್ಕ ಅದರ ಕತಿ ಮುಗೀತು ಬೇ."

"ಹಂಗಾರ ಮರಿ ಬ್ಯಾರೆ ನಾಯಿವು, ಇಂವ ಸುಮ್ನ ಜ್ವಾಪಾನ ಮಾಡಾಕತ್ತಾನ ಅನ್ನು."

"ಮೊಲಿ ಕುಡಿಸಿ ಜ್ವಾಪಾನ ಮಾಡಾಕತ್ತಾನ?"

ಅವ್ವ ಸೆರಗು ಬಾಯಿಗಿಟ್ಟು ಒಳಗೆ ಓಡಿದಳು. ನಗುವುದೋ ಅಳುವುದೋ ಗೊತ್ತಾಗದ ದಿನಗಳು ಸಂಸಾರದಲ್ಲಿ ಹೀಗೇ ಬರುತ್ತವೆ. ಎರಡೂ ಒಂದೇ ಸೆರಗಿನಲ್ಲಿ.

ಶನಿವಾರ ನಾವು ಮೂವರೂ ಮತ್ತೆ ಕೊಂಡವಾಡದಲ್ಲಿದ್ದೆವು, ಆಯಿಯ ಕೈಯಲ್ಲಿ ಸಜ್ಜಕದ ಡಬ್ಬಿ. ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಬಂದರು. ಕಡ್ಡಿಯಂಥ ಮನುಷ್ಯ, ಇಸ್ತ್ರಿ ಮಾಡಿದ ಪ್ಯಾಂಟು, ಸಗಣಿ ತುಳಿಯದಂತೆ ಹೆಜ್ಜೆ ಹೆಜ್ಜೆ ನೋಡಿ ಇಡುತ್ತಿದ್ದರು. ದಾಖಲೆ ನೋಡಿದರು. ಗೋಣಿತಟ್ಟು ಸರಿಸಿ ನಾಯಿ ನೋಡಿದರು. ಮತ್ತೆ ದಾಖಲೆ ನೋಡಿದರು. ಅಪ್ಪನನ್ನು ನೋಡಿದರು. ಆಮೇಲೆ ಸ್ವಲ್ಪ ಹೊತ್ತು ಕತ್ತೆಯನ್ನು ನೋಡುತ್ತ ನಿಂತರು. ಬಹುಶಃ ಅಲ್ಲಿ ಅದೊಂದೇ ಯಾವ ತೊಡಕೂ ಇಲ್ಲದ ಪ್ರಾಣಿ.

ಅವರು ಕೆಟ್ಟವರಲ್ಲ, ಬುದ್ಧಿವಂತರು. ದಾರಿ ಹುಡುಕಿಯೇ ಬಿಟ್ಟರು. "ಹಿಂಗ ಮಾಡೋಣು. ಬಿಲ್ಲೆದ ಗಂಡು ನಾಯಿ ತಪ್ಪಿಸಿಕೊಂಡು ಓಡಿ ಹೋಗೇತಿ ಅಂತ ಬರೀತೀನಿ. ಇದು ಯಾರದೋ ಬೀಡಾಡಿ ಹೆಣ್ಣು. ಸೋಮವಾರ ವಿಲೇವಾರಿ. ಕಂಪೌಂಡರ್, ಸಾಕ್ಷಿ ಅಂತ ನೀವು ಇಲ್ಲೊಂದು ಸಹಿ ಹಾಕ್ರಿ. ನಿಮ್ಮ ನೌಕರಿಗೇನೂ ಆಗೂದಿಲ್ಲ."

ಪೆನ್ನು ಅಪ್ಪನ ಮುಂದೆ ಬಂತು. ನಾನು ಆಯಿಯ ಸೀರೆ ಹಿಡಿದುಕೊಂಡೆ. ಒಂದು ಸಹಿ ಹಾಕಿದರೆ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಕೆಂಚಿ ಇರುತ್ತಿರಲಿಲ್ಲ. ಅಪ್ಪ ಪೆನ್ನು ತೆಗೆದುಕೊಂಡರು. ಕ್ಯಾಪು ಹಾಕಿ ವಾಪಸು ಕೊಟ್ಟರು.

"ಇಲ್ರಿ ಸಾಹೇಬ್ರ. ಇದು ನಮ್ಮ ನಾಯಿ. ಹೆಣ್ಣು. ಆಪರೇಷನ್ ಆಗಿಲ್ಲ. ಚೀಟಿ ನಾನ ಸುಳ್ಳು ಬರದೇನಿ. ಒಂದು ಬರದದ್ದಕ್ಕ ಅನ್ನ ಸೇರವಲ್ದು, ಇನ್ನೊಂದು ನನ್ನ ಕೈಲೆ ಆಗೂದಿಲ್ಲ. ಖರೇ ಏನೈತಿ ಅದನ್ನ ಬರೀರಿ. ಮತ್ತ ಇದೊಂದೂ ಬರೀರಿ: ಹೆಣ್ಣು ನಾಯಿಗೆ ಆಪರೇಷನ್ ಮಾಡಾವ್ರು ಈ ಊರಾಗ ಒಬ್ಬರೂ ಇಲ್ಲ."

ಇನ್ಸ್‌ಪೆಕ್ಟರ್ ಮುಖ ಕೆಂಪಾಯಿತು. "ಖರೇ ಬರದ್ರ ನಿಮ್ಮ ನೌಕರಿ ಹೋಗ್ತೈತಿ, ಗೊತ್ತೈತಿಲ್ಲೋ?"

"ಗೊತ್ತೈತ್ರಿ."

ಆಗ ದಸ್ತಗೀರಸಾಬ ಬಹಳ ಮರ್ಯಾದೆಯಿಂದ ಕೆಮ್ಮಿದ. ಪುಸ್ತಕದಲ್ಲಿ ಅಪ್ಪನ ಚೀಟಿಯ ಪಕ್ಕದ ಸಾಲಿನ ಮೇಲೆ ಬೆರಳಿಟ್ಟ. ಅಲ್ಲಿ ಬರೆದಿತ್ತು: ನಾಯಿಯನ್ನು ಖುದ್ದು ಪರೀಕ್ಷಿಸಿ ಬಿಲ್ಲೆ ಕೊಡಲಾಗಿದೆ. ಕೆಳಗಿನ ಸಹಿ ಇನ್ಸ್‌ಪೆಕ್ಟರರದು. ಕುರ್ಚಿಯಲ್ಲಿ ಕುಳಿತೇ ಊರಿನ ಎಲ್ಲ ನಾಯಿಗಳನ್ನೂ ಖುದ್ದು ಪರೀಕ್ಷಿಸಿದ್ದರು, ಪಾಪ.

ಖರೆ ಬರೆದರೆ ಇಬ್ಬರ ನೌಕರಿ ಹೋಗುತ್ತದೆ. ಸುಳ್ಳು ಬರೆಯಲು ಸಾಕ್ಷಿ ಒಪ್ಪುವುದಿಲ್ಲ. ಇಂಥ ಹೊತ್ತಿನಲ್ಲಿ ದೊಡ್ಡ ದೊಡ್ಡವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ, ನಮ್ಮಾಯಿ ಮಾತ್ರ ಸಜ್ಜಕದ ಡಬ್ಬಿ ಕೆಳಗಿಟ್ಟು ಬಾಯಿ ತೆರೆದಳು.

"ಯಪ್ಪಾ, ನಿನ್ನ ಮನ್ಯಾಗ ಹಡದ ಹೆಣ್ಣುಮಕ್ಕಳು ಅದಾರಿಲ್ಲೋ? ಬಾಣಂತಿ ಎದುರಿಗೆ ಕಾಗದ ಹಿಡಕೊಂಡು ಜಗಳ ತಗೀತಾರೇನು? ಆಕಿಗೆ ಆಪರೇಷನ್ ಮಾಡಾಂವ ಮಾಡ್ಲಿ, ನಾ ಬ್ಯಾಡ ಅನ್ನೂದಿಲ್ಲ. ಬಾಣಂತನ ಮುಗೀಲಿ. ಮೈ ಹಸಿ ಇದ್ದಾಕಿಗೆ ಯಾ ಸರ್ಕಾರ ಏನ್ ಮಾಡ್ತೈತಿ?"

"ಖರೇ ಐತ್ರಿ," ಎಂದಳು ಗೋಡೆಯ ಮರೆಯಿಂದ ಜೈನಬಿ. "ಹಸಿ ಬಾಣಂತಿನ ಹೊರಗ ಹಾಕಿದ ಮನಿ ಏಳಿಗಿ ಆಗೂದಿಲ್ಲ."

ಇನ್ಸ್‌ಪೆಕ್ಟರ್ ಆಯಿಯನ್ನು ನೋಡಿದರು. ಅವರ ಮನೆಯಲ್ಲೂ ಆಗ ತೊಟ್ಟಿಲಿತ್ತೆಂದು ನಮಗೆ ಆಮೇಲೆ ಗೊತ್ತಾಯಿತು. ಪೆನ್ನಿನ ಕ್ಯಾಪು ತೆಗೆದರು. "ಗಂಡು" ಎಂಬುದಕ್ಕೆ ಗೀಟು ಎಳೆದು, ಮೇಲೆ "ಹೆಣ್ಣು" ಎಂದು ಬರೆದರು. "ಬೀಜ ಒಡೆದಿದೆ" ಎಂಬುದಕ್ಕೂ ಗೀಟು. ಎರಡಕ್ಕೂ ಸಣ್ಣ ಸಹಿ. ಆಮೇಲೆ ಕೊನೆಯ ಅಂಕಣಕ್ಕೆ ಹೋಗಿ, ಷರಾ ಎಂಬಲ್ಲಿ, ದುಂಡಗೆ ಬರೆದರು: ಸದ್ಯ ಬಾಣಂತಿ. ಆಪರೇಷನ್ ಸೌಲಭ್ಯ ಒದಗಿದ ಮೇಲೆ ಮಾಡಿಸತಕ್ಕದ್ದು.

ಪುಸ್ತಕವನ್ನು ಅಪ್ಪನತ್ತ ತಿರುಗಿಸಿದರು. "ಇದರಾಗ ಸುಳ್ಳು ಐತೇನು ನೋಡ್ರಿ."

ಅಪ್ಪ ಮೂರು ಸಲ ಓದಿದರು. "ಇಲ್ರಿ," ಎಂದರು. ಸಹಿ ಹಾಕಿದರು. ದಸ್ತಗೀರಸಾಬ ಜಾವಕದ ಅಂಕಣದಲ್ಲಿ "ತಾಯಿ ಮಕ್ಕಳು ಕೂಡಿ ಒಂದು" ಎಂದು ಬರೆದು ಲೆಕ್ಕ ಕೂಡಿಸಿದ. ಇನ್ಸ್‌ಪೆಕ್ಟರ್ ಅಪ್ಪನಿಗೆ ಒಂದು ಮೆಮೊ ಕೊಟ್ಟರು, ಇನ್ನು ಮುಂದೆ ಪ್ರಾಣಿಯನ್ನು ಕಣ್ಣಾರೆ ನೋಡಿಯೇ ಚೀಟಿ ಬರೆಯತಕ್ಕದ್ದೆಂದು. ಅದೇ ಮೆಮೊ ತಮಗೂ ಒಂದು ಬರೆದುಕೊಳ್ಳಬೇಕಿತ್ತು, ಬರೆದುಕೊಳ್ಳಲಿಲ್ಲ. ಅಪ್ಪ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮನೆಗೆ ಬಂದು, ಐದು ರೊಟ್ಟಿ ಉಂಡರು. ಆಯಿ ಸಜ್ಜಕದಲ್ಲಿ ಉಳಿದದ್ದನ್ನು ಬಡಿಸಿದಳು. ಅಷ್ಟರಲ್ಲಿ ತುಪ್ಪ ಮುಗಿದಿತ್ತು.

ಆದರೆ ಕಚೇರಿ ಎಂದರೆ ಕಚೇರಿ. ವರ್ಷ ವರ್ಷ ಬಿಲ್ಲೆ ಹೊಸದು ಮಾಡಬೇಕು, ಗುಮಾಸ್ತರು ಹಳೆಯ ಪುಸ್ತಕ ನೋಡಿ ಹೊಸ ಪುಸ್ತಕಕ್ಕೆ ಇಳಿಸಬೇಕು. ಇಳಿಸಿದರು. ಮರು ವರ್ಷವೂ ಕೆಂಚಿ ಸದ್ಯ ಬಾಣಂತಿ. ಅದರ ಮರು ವರ್ಷವೂ. ದೊಡ್ಡ ಸಾಹೇಬರಿಗೆ ವರ್ಗವಾಯಿತು, ಕಾಯ್ದೆ ಹಳತಾಯಿತು, ಮರಿಗಳೆಲ್ಲ ಬಬಲೇಶ್ವರ, ಭೂತನಾಳದ ಹೊಲಗಳನ್ನು ಸೇರಿ ಮುದುಕಾದವು. ಕೆಂಚಿ ಎಂಟು ವರ್ಷ ಬಾಣಂತಿಯಾಗಿಯೇ ಉಳಿದಳು. ಅಷ್ಟು ಉದ್ದದ ಬಾಣಂತನ ನಮ್ಮ ಜಿಲ್ಲೆಯಲ್ಲಿ ಯಾವ ಹೆಣ್ಣುಮಗಳಿಗೂ ಸಿಕ್ಕಿರಲಿಕ್ಕಿಲ್ಲ. ಸಾಮಾನು ಸಮೇತ ಒಬ್ಬ ಡಾಕ್ಟರರು ದವಾಖಾನೆಗೆ ಬಂದಾಗ ಅಪ್ಪ ಮೊದಲು ಒಯ್ದದ್ದು ಅವಳನ್ನೇ. ಬರೆದುಕೊಟ್ಟಿದ್ದಾರಲ್ಲ, ಸೌಲಭ್ಯ ಒದಗಿದ ಮೇಲೆ ಮಾಡಿಸತಕ್ಕದ್ದೆಂದು. ಡಾಕ್ಟರರು ಅವಳ ಬಿಳಿಯಾದ ಗಡ್ಡ ನೋಡಿ ನಕ್ಕು, "ಈ ಅಜ್ಜಿಗೆ ಇನ್ನ ಯಾಕ್ರಿ" ಎಂದು ತಲೆ ಸವರಿ ಕಳಿಸಿದರು.

ಈಗ ನನಗೂ ವಯಸ್ಸಾಯಿತು. ಅಥಣಿ ರಸ್ತೆಯ ನಮ್ಮ ಲೇಔಟಿನಲ್ಲಿ ಬೀದಿ ನಾಯಿಗಳನ್ನು ಹಿಡಿಸಿ ಆಪರೇಷನ್ ಮಾಡಿಸುವ ಗುಂಪಿನಲ್ಲಿ ನಾನೇ ಮುಂದೆ. ಮಾಡಿಸಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಾಯ್ದೆ ಕೆಟ್ಟದ್ದಿರಲಿಲ್ಲ, ಅದು ಕೈಗಿಂತ ಮೊದಲು ಬಾಯಿ ತೆರೆಯಿತು, ಅಷ್ಟೆ. ಮಾಡುವ ದಾರಿ ಇಲ್ಲದ್ದನ್ನು ಮಾಡಿರೆಂದು ಬರೆದಾಗ ಒಳ್ಳೆಯ ಮನುಷ್ಯ ಮೊದಲು ಸುಳ್ಳುಗಾರನಾಗುತ್ತಾನೆ. ಕಳ್ಳರಿಗೇನು, ಅವರು ಹೆಸರನ್ನೇ ಬರೆಸುವುದಿಲ್ಲ.

ಸರಿ, ನನ್ನದು ಹೇಳಿಯಾಯಿತು. ನಿಮ್ಮ ಮನೆಯ ಯಾವ ಪ್ರಾಣಿ ಎಲ್ಲಿ ಸೆರೆಯಾಗಿತ್ತು, ಬಿಡಿಸಿಕೊಂಡು ಬರಲು ಯಾರು ಹೋದರು, ಅಲ್ಲಿ ಏನು ಹೇಳಿದರು, ಕೆಳಗೆ ಬರೆಯಿರಿ. ನಾನು ಒಂದೊಂದನ್ನೂ ಕೂತು ಓದುತ್ತೇನೆ. ಸುಳ್ಳು ಹೇಳಿದವರ ಹೆಸರು ಬೇಡ, ನಾಯಿಯ ಹೆಸರು ಸಾಕು.